ಹಳೆ ಕಾರು ಬಿಸಿ ಏರುತ್ತಿದ್ದರೆ: ಬಿಡಿಭಾಗ ಬದಲಿಸುವ ಮೊದಲು ಮಾಡಬೇಕಾದ ತಪಾಸಣೆ

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರ್ ಕಡೆ ಬಿಡುವ ವಾಲ್ವ್) ಹೊಸದು ಹಾಕಿಸಿದ್ದಾಯಿತು. ರೇಡಿಯೇಟರ್ ಬಿಚ್ಚಿ ಕ್ಲೀನ್ ಮಾಡಿಸಿದ್ದಾಯಿತು. ವಾಟರ್ ಪಂಪ್ ಕೂಡ ಬದಲಾಯಿತು. ಆದರೂ ಶಿರಾಡಿ ಘಾಟಿ ಹತ್ತುವಾಗ ಬಿಸಿ ತೋರಿಸುವ ಮುಳ್ಳು ಕೆಂಪಿನ ಕಡೆ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು ಪದೇ ಪದೇ ಹೇಳುವ ಮಾತು ಇದು.

ಹೆಚ್ಚಿನವರು ಎಡವುವುದು ಎರಡು ಕಡೆ. ತಪಾಸಣೆ ಮಾಡದೆ ಬಿಡಿಭಾಗ ಬದಲಿಸಲು ಶುರು ಮಾಡುತ್ತಾರೆ, ಅದು ಒಂದು. ಹಿಂದಿನ ಮಾಲೀಕರ ಕಾಲದಲ್ಲಿ ಯಾವುದೋ ಗ್ಯಾರೇಜಿನಲ್ಲಿ ಮಾಡಿಟ್ಟ 'ಅಡ್ಜಸ್ಟ್‌ಮೆಂಟ್' ಗಮನಿಸುವುದಿಲ್ಲ, ಅದು ಇನ್ನೊಂದು. ಹಳೆ ಕಾರಿನಲ್ಲಿ ಈ ಎರಡನೆಯದೇ ಜಾಸ್ತಿ ಕಾಡುತ್ತದೆ.

ಆಲ್ಟೊ, ವ್ಯಾಗನ್ ಆರ್, ಜೆನ್, ಸ್ಯಾಂಟ್ರೋ ತರದ, ಹತ್ತು ವರ್ಷ ದಾಟಿದ ಪೆಟ್ರೋಲ್ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಡೀಸೆಲ್ ಕಾರಿಗೂ ಕ್ರಮ ಹೆಚ್ಚುಕಡಿಮೆ ಇದೇ.

## ಕೈ ಹಾಕುವ ಮೊದಲು

ಬಿಸಿ ಎಂಜಿನ್‌ನ ರೇಡಿಯೇಟರ್ ಕ್ಯಾಪ್ ತೆಗೆಯಲೇಬೇಡಿ. ಒಳಗಿನ ನೀರು ಒತ್ತಡದಲ್ಲಿರುತ್ತದೆ. ಕ್ಯಾಪ್ ಮೇಲೆ 0.9 (ಬಾರ್ ಲೆಕ್ಕದ ಒತ್ತಡ) ಅಂತ ಬರೆದಿದ್ದರೆ, ಒಳಗೆ ಬರೀ ನೀರಿದ್ದರೂ ಅದು ಕುದಿಯಲು ಸುಮಾರು 118 ಡಿಗ್ರಿ ಬೇಕು. ಕ್ಯಾಪ್ ತೆಗೆದ ಕ್ಷಣ ಒತ್ತಡ ಇಳಿಯುತ್ತದೆ, ನೀರೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ರೇಡಿಯೇಟರ್‌ಗೆ ಸೇರುವ ಮೇಲಿನ ರಬ್ಬರ್ ಹೋಸ್ ಅನ್ನು ಬರಿಗೈಲಿ ಆರಾಮಾಗಿ ಹಿಡಿದುಕೊಳ್ಳುವಷ್ಟು ತಣ್ಣಗಾದ ಮೇಲೆಯೇ ಕ್ಯಾಪ್ ಮುಟ್ಟಿ. ಆಗಲೂ ದಪ್ಪ ಬಟ್ಟೆ ಹಾಕಿ, ಸ್ವಲ್ಪ ತಿರುಗಿಸಿ, ಒತ್ತಡವೆಲ್ಲ ಹೋಗುವವರೆಗೆ ನಿಲ್ಲಿಸಿ.

ಫ್ಯಾನ್ ಹತ್ತಿರ ಕೈ ಇಡುವಾಗಲೂ ಹುಷಾರು. ಎಂಜಿನ್ ಆಫ್ ಆಗಿದ್ದರೂ ಎಲೆಕ್ಟ್ರಿಕ್ ಫ್ಯಾನ್ ತಾನಾಗಿ ತಿರುಗಬಹುದು.

ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ (ಇಲ್ಲಿ 'ಒಳಗಿನ ನೀರು' ಅನ್ನುವುದೂ ಇದನ್ನೇ), ವಿಷ, ಅದೂ ಸಿಹಿ ರುಚಿಯ ವಿಷ. ರಸ್ತೆಗೆ ಬಿಟ್ಟರೆ ಬೀದಿ ನಾಯಿ, ಬೆಕ್ಕು ನೆಕ್ಕಿ ಸಾಯುತ್ತವೆ. ಇಳಿಸುವಾಗ ಟಬ್ ಇಡಿ, ಚೆಲ್ಲಿದ್ದನ್ನು ನೀರು ಹಾಕಿ ತೊಳೆಯಿರಿ.

## ಬೇಕಾಗುವ ಸಾಮಾನು

ಟಾರ್ಚ್, ಸ್ಕ್ರೂಡ್ರೈವರ್, ಸ್ಪ್ಯಾನರ್ ಸೆಟ್, ಒಂದು ಟಬ್, ಬಿಳಿ ಕಾಗದ ಅಥವಾ ಟಿಶ್ಯೂ, ಒಂದು ತುಂಡು ವೈರ್, ಅಳತೆ ಇರುವ ಜಗ್, ಮಾರ್ಕರ್ ಪೆನ್. ಇದರ ಜೊತೆ ಒಂದು ಟೆಂಪರೇಚರ್ ಗನ್ ಇದ್ದರೆ ಅರ್ಧ ಕೆಲಸ ಸುಲಭ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಆಗುವುದಿಲ್ಲ, ಅದು ಮೈ ಬಿಸಿ ನೋಡುವುದಕ್ಕಷ್ಟೇ. ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ, 300 ಡಿಗ್ರಿಗೂ ಮೇಲೆ ತೋರಿಸುವಂಥದ್ದು ತಗೊಳ್ಳಿ. ಹೊಳೆಯುವ ಲೋಹಕ್ಕೆ ಹಿಡಿದರೆ ಅದು ತಪ್ಪು ತೋರಿಸುತ್ತದೆ. ಕಪ್ಪು ರಬ್ಬರ್‌ಗೆ ಅಥವಾ ಲೋಹದ ಮೇಲೆ ಅಂಟಿಸಿದ ಕಪ್ಪು ಟೇಪ್‌ಗೆ ಹಿಡಿಯಬೇಕು.

ಕಾರಿನಲ್ಲಿ ಓಬಿಡಿ ಸಾಕೆಟ್ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿ) ಇದ್ದರೆ ಬ್ಲೂಟೂತ್ ಸ್ಕ್ಯಾನರ್ ಹಾಕಿ ಫೋನಿನಲ್ಲೇ ಕೂಲೆಂಟ್ ಎಷ್ಟು ಡಿಗ್ರಿ ಇದೆ ಅಂತ ನೋಡಬಹುದು. ಡ್ಯಾಶ್‌ಬೋರ್ಡಿನ ಮುಳ್ಳಿಗಿಂತ ಇದನ್ನು ನಂಬಬಹುದು. ಸುಮಾರು ಕಾರುಗಳಲ್ಲಿ ಮುಳ್ಳು ಮಧ್ಯದಲ್ಲೇ ಕೂತಿರುತ್ತದೆ, ಬಿಸಿ ಜೋರಾದ ಮೇಲೆ ಒಮ್ಮೆಲೇ ಜಿಗಿಯುತ್ತದೆ.

## ಹಂತ 1: ಯಾವಾಗ ಬಿಸಿ ಏರುತ್ತದೆ?

ಬಾನೆಟ್ ಎತ್ತುವ ಮೊದಲು ಇದಕ್ಕೆ ಉತ್ತರ ಬೇಕು. 'ಗಾಡಿ ಹೀಟ್ ಆಗ್ತಿದೆ' ಅಂತ ಮೆಕ್ಯಾನಿಕ್‌ಗೆ ಹೇಳಿದರೆ ಅವರು ಊಹೆ ಮಾಡಬೇಕಾಗುತ್ತದೆ. ಯಾವಾಗ ಅಂತ ಹೇಳಿದರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಏರಿ, ಗಾಡಿ ಓಡಲು ಶುರುವಾದ ಮೇಲೆ ಇಳಿದರೆ, ಗಾಳಿ ಸಾಲುತ್ತಿಲ್ಲ. ಮೊದಲು ಫ್ಯಾನ್ ನೋಡಿ.

ಊರೊಳಗೆ ಸರಿ ಇದ್ದು ಹೈವೇಯಲ್ಲಿ, ಘಾಟಿಯಲ್ಲಿ ಏರಿದರೆ, ನೀರಿನ ಹರಿವು ಸಾಲುತ್ತಿಲ್ಲ. ರೇಡಿಯೇಟರ್ ಕಟ್ಟಿರಬಹುದು, ಕೆಳಗಿನ ಹೋಸ್ ಒಳಕ್ಕೆ ಎಳೆದುಕೊಳ್ಳುತ್ತಿರಬಹುದು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ಮಧ್ಯದ ಸೀಲ್) ಆಗಷ್ಟೇ ಹೋಗುತ್ತಿದ್ದರೂ ಹೀಗೇ ಆಗುತ್ತದೆ.

ಬೆಳಗ್ಗೆ ಸ್ಟಾರ್ಟ್ ಮಾಡಿ ಕೆಲವೇ ನಿಮಿಷಕ್ಕೆ ಏರಿದರೆ, ಥರ್ಮೋಸ್ಟಾಟ್ ತೆರೆಯುತ್ತಿಲ್ಲ, ಇಲ್ಲವೇ ಒಳಗೆ ನೀರೇ ಇಲ್ಲ. ಮುಳ್ಳು ಮೇಲೆ ಹೋಗಿ ಕೆಳಗೆ ಬಂದು ಕುಣಿಯುತ್ತಿದ್ದರೆ ಒಳಗೆ ಗಾಳಿ ಸೇರಿದೆ. ಎಷ್ಟು ಓಡಿಸಿದರೂ ಮುಳ್ಳು ಮೇಲೇಳದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದ್ದರೆ, ಥರ್ಮೋಸ್ಟಾಟ್ ತೆರೆದೇ ಉಳಿದಿದೆ ಅಥವಾ ಯಾರೋ ತೆಗೆದು ಬಿಸಾಕಿದ್ದಾರೆ.

ಇನ್ನೊಂದು ವಿಷಯ. ಮುಳ್ಳು ಏರಿದಾಗ ಹೀಟರ್ ಹಾಕಿ ನೋಡಿ. ಒಳಗೆ ತಣ್ಣನೆ ಗಾಳಿ ಬಂದರೆ ಕೂಲೆಂಟ್ ಕಡಿಮೆಯಾಗಿರುವ ಸಾಧ್ಯತೆ ಜಾಸ್ತಿ. ಸೆನ್ಸರ್ ನೀರಲ್ಲಿ ಮುಳುಗಿರದಿದ್ದರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕಡಿಮೆಯೇ ತೋರಿಸಬಹುದು. ಹಾಗಾಗಿ ಮುಳ್ಳು ಸುಮ್ನೆ ಕೂತಿದೆ ಅಂತ ನೆಮ್ಮದಿಯಿಂದ ಇರಬೇಡಿ.

## ಹಂತ 2: ತಣ್ಣಗಿರುವಾಗ ಕ್ಯಾಪ್ ತೆಗೆಯಿರಿ

ರಾತ್ರಿಯೆಲ್ಲ ನಿಂತ ಗಾಡಿ, ಬೆಳಗ್ಗೆ, ಸಮತಟ್ಟಾದ ಜಾಗದಲ್ಲಿ. ಬರೀ ರೇಡಿಯೇಟರ್ ಪಕ್ಕದ ಕೂಲೆಂಟ್ ಪ್ಲಾಸ್ಟಿಕ್ ಬಾಟಲಿ ನೋಡಿ ಬಿಡುವುದು ಎಲ್ಲರೂ ಮಾಡುವ ತಪ್ಪು. ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದು ಹಳೆ ಕಾರುಗಳಲ್ಲಿ ಮಾಮೂಲಿ. ಕ್ಯಾಪ್ ತೆಗೆದಾಗ ನೀರು ಬಾಯಿಯವರೆಗೆ ಇರಬೇಕು. ಕೆಲವು ಕಾರುಗಳಲ್ಲಿ ರೇಡಿಯೇಟರ್ ಮೇಲೆ ಕ್ಯಾಪ್ ಇರುವುದಿಲ್ಲ, ಒತ್ತಡದ ಕ್ಯಾಪ್ ಬಾಟಲಿ ಮೇಲೆಯೇ ಇರುತ್ತದೆ. ಅಂಥದ್ದರಲ್ಲಿ ಬಾಟಲಿಯ ಮಿನ್, ಮ್ಯಾಕ್ಸ್ ಗುರುತು ನೋಡಿದರೆ ಸಾಕು.

ಬೆರಳಿಗೆ ಸ್ವಲ್ಪ ನೀರು ತಾಗಿಸಿ ಬಿಳಿ ಟಿಶ್ಯೂ ಮೇಲೆ ಒರೆಸಿ. ಹಸಿರು, ಕೆಂಪು, ಗುಲಾಬಿ, ಯಾವ ಬಣ್ಣವಾದರೂ ಸ್ವಚ್ಛವಾಗಿದ್ದರೆ ಚಿಂತೆ ಇಲ್ಲ. ಇಟ್ಟಿಗೆ ಪುಡಿ ಬಣ್ಣ ಬಂದರೆ ಯಾರೋ ಬರೀ ನೀರು ಹಾಕಿ ಓಡಿಸಿದ್ದಾರೆ, ಒಳಗೆ ತುಕ್ಕು ಹಿಡಿದಿದೆ. ಬಾಯಿ ಸುತ್ತ ಬಿಳಿ ಪದರ ಕಟ್ಟಿದ್ದರೆ ಅದು ಬೋರ್‌ವೆಲ್ ನೀರಿನ ಗುರುತು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಹೊರವಲಯದಲ್ಲಿ ಓಡಿದ ಗಾಡಿಗಳಲ್ಲಿ ಇದನ್ನು ನೋಡಬಹುದು. ಗಡಸು ನೀರಿನ ಉಪ್ಪು ಎಂಜಿನ್ ಒಳಗೂ ರೇಡಿಯೇಟರ್ ಕೊಳವೆಯೊಳಗೂ ಹೀಗೇ ಕಟ್ಟಿಕೊಂಡಿರುತ್ತದೆ. ಹೊರಗೆ ಕಾಣುವುದು ಸ್ಯಾಂಪಲ್ ಅಷ್ಟೇ.

ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ (ಡಿಪ್‌ಸ್ಟಿಕ್) ಹಾಲು ಹಾಕಿದ ಕಾಫಿ ಬಣ್ಣ ಕಂಡರೆ ಮಧ್ಯದ ಹಂತಗಳನ್ನು ಬಿಟ್ಟು ಹಂತ 9ಕ್ಕೆ ಹೋಗಿ. ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟಕ್ಕೆ ಬಳಸುವ ಗಾಡಿಯಲ್ಲಿ ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಕೆನೆ ಕಟ್ಟುತ್ತದೆ. ಅದು ಬರೀ ತೇವ. ಡಿಪ್‌ಸ್ಟಿಕ್ ಸ್ವಚ್ಛವಾಗಿದ್ದರೆ ಗಾಬರಿ ಬೇಡ.

## ಹಂತ 3: ಹಿಂದಿನವರ ಅಡ್ಜಸ್ಟ್‌ಮೆಂಟ್ ಹುಡುಕಿ

ಈ ಹಂತವನ್ನು ಯಾರೂ ಮಾಡುವುದಿಲ್ಲ. ಉಳಿದ ಎಲ್ಲಾ ತಪಾಸಣೆಯ ಫಲಿತಾಂಶವನ್ನು ತಲೆಕೆಳಗು ಮಾಡುವುದೂ ಇದೇ. ಮೂರು ವಿಷಯ ನೋಡಬೇಕು.

ಫ್ಯಾನ್ ಡೈರೆಕ್ಟ್. ಕೀ ಆನ್ ಮಾಡಿದ ಕೂಡಲೇ, ಎಸಿ ಆಫ್ ಇದ್ದರೂ, ತಣ್ಣನೆ ಎಂಜಿನ್‌ನಲ್ಲಿ ಫ್ಯಾನ್ ತಿರುಗಲು ಶುರುವಾದರೆ ಸಂಶಯ ಪಡಿ. ಸ್ವಿಚ್ಚೋ ರಿಲೇಯೋ (ಫ್ಯಾನಿಗೆ ಕರೆಂಟ್ ಕೊಡುವ ವಿದ್ಯುತ್ ಸ್ವಿಚ್) ಕೆಟ್ಟಾಗ ಅದನ್ನು ಬದಲಿಸದೆ ಕೀ ಲೈನಿಗೆ ನೇರ ವೈರ್ ಎಳೆದಿರುತ್ತಾರೆ. ಫ್ಯಾನ್ ಹತ್ತಿರ ಬೇರೆ ಬಣ್ಣದ ಹೆಚ್ಚುವರಿ ವೈರ್, ಕಪ್ಪು ಟೇಪ್ ಸುತ್ತಿದ ಜಾಯಿಂಟ್ ಹುಡುಕಿ. ಡ್ಯಾಶ್‌ಬೋರ್ಡ್ ಕೆಳಗೆ ಒಂದು ಅನಾಥ ಸ್ವಿಚ್ ಕೂಡ ಸಿಗಬಹುದು. ಡೈರೆಕ್ಟ್ ಮಾಡಿದ ಮೋಟರ್ ಬಿಡುವಿಲ್ಲದೆ ತಿರುಗಿ ಬೇಗ ಸವೆಯುತ್ತದೆ, ಒಂದು ದಿನ ಸದ್ದಿಲ್ಲದೆ ನಿಲ್ಲುತ್ತದೆ. ಕೀ ಆನ್ ಮಾಡಿದಾಗ ಫ್ಯಾನನ್ನು ಕಂಪ್ಯೂಟರೇ ಕೆಲವು ಸೆಕೆಂಡ್ ತಿರುಗಿಸುವ ಕಾರುಗಳೂ ಇವೆ. ಜೊತೆಗೆ ಟೆಂಪರೇಚರ್ ಸೆನ್ಸರ್ ಕೆಟ್ಟರೂ ಸುಮಾರು ಕಾರುಗಳಲ್ಲಿ ಫ್ಯಾನ್ ನಿಲ್ಲದೆ ತಿರುಗುತ್ತದೆ. ಆದ್ದರಿಂದ ಕಣ್ಣಿಗೆ ವೈರ್ ಕಂಡ ಮೇಲೆಯೇ ತೀರ್ಮಾನ ಮಾಡಿ.

ಥರ್ಮೋಸ್ಟಾಟ್ ಮಾಯ. 'ವಾಲ್ವ್ ತೆಗೆದುಬಿಟ್ರೆ ನೀರು ಚೆನ್ನಾಗಿ ಓಡುತ್ತೆ ಸಾರ್' ಅನ್ನುವ ಮಾತು ಎಲ್ಲಾ ಊರಲ್ಲೂ ಕೇಳಿಸುತ್ತದೆ. ಬೆಳಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್‌ಗೆ ಹೋಗುವ ಹೋಸ್ ಮೇಲೆ ಕೈ ಇಡಿ. ಮೊದಲ ಕೆಲವು ನಿಮಿಷ ಅದು ತಣ್ಣಗೇ ಇದ್ದು ಆಮೇಲೆ ತಟ್ಟನೆ ಬಿಸಿಯಾಗಬೇಕು. ಶುರುವಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ವಾಲ್ವ್ ಇಲ್ಲ ಅಥವಾ ತೆರೆದೇ ಸಿಕ್ಕಿಕೊಂಡಿದೆ. ವಾಲ್ವ್ ತೆಗೆದರೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ, ಮೈಲೇಜ್ ಬೀಳುತ್ತದೆ, ಆಯಿಲ್ ಹಾಳಾಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಇದೇ ವಾಲ್ವ್. ಅದಿಲ್ಲದಿದ್ದರೆ ಒಂದಷ್ಟು ನೀರು ರೇಡಿಯೇಟರ್ ಕಡೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ. ಬಿಸಿ ಇಳಿಸಲು ತೆಗೆದಿದ್ದರಿಂದಲೇ ಘಾಟಿಯಲ್ಲಿ ಬಿಸಿ ಏರುತ್ತದೆ.

ಒಳಗೆ ಸುರಿದ ಪುಡಿ. ಸೋರಿಕೆ ನಿಲ್ಲಿಸಲು ಅರಿಶಿನ ಪುಡಿ ಹಾಕುವ ಅಭ್ಯಾಸ ಇನ್ನೂ ಇದೆ. ಅಂಗಡಿಯಲ್ಲಿ ಸಿಗುವ ಲೀಕ್ ಸ್ಟಾಪ್ ಕೂಡ ಇದೇ ಜಾತಿ. ತೂತು ಮುಚ್ಚುವ ಪುಡಿಗೆ ತೂತು ಯಾವುದು, ರೇಡಿಯೇಟರ್‌ನ ಸಣ್ಣ ಕೊಳವೆ ಯಾವುದು ಅಂತ ಗೊತ್ತಾಗುವುದಿಲ್ಲ. ಕ್ಯಾಪ್‌ನ ರಬ್ಬರ್ ಅಡಿ ಹಳದಿ ಉಂಗುರ, ಬಾಟಲಿ ತಳದಲ್ಲಿ ಕೆಸರು ಕಂಡರೆ ರೇಡಿಯೇಟರ್ ಮೇಲೆ ಈಗಲೇ ಸಂಶಯ ಇಟ್ಟುಕೊಳ್ಳಿ. ರೇಡಿಯೇಟರ್ ಮೈಮೇಲೆ ಎಂ-ಸೀಲ್ ತೇಪೆ ಇದೆಯಾ ಅದನ್ನೂ ನೋಡಿ.

ವೈರಿಂಗ್ ಮತ್ತು ಥರ್ಮೋಸ್ಟಾಟ್ ಕಂಪನಿ ಕೊಟ್ಟ ಹಾಗೆ ಆದ ಮೇಲೆಯೇ ಮುಂದಿನ ಪರೀಕ್ಷೆಗಳಿಗೆ ಅರ್ಥ.

## ಹಂತ 4: ಸೋರಿಕೆ

ರಾತ್ರಿ ಗಾಡಿ ಕೆಳಗೆ ದೊಡ್ಡ ರಟ್ಟು ಅಥವಾ ಹಳೆ ಪೇಪರ್ ಹಾಸಿ. ಎಸಿ ನೀರಿಗೂ ಕೂಲೆಂಟಿಗೂ ವ್ಯತ್ಯಾಸ ಸುಲಭ. ಎಸಿ ನೀರಿಗೆ ಬಣ್ಣ, ವಾಸನೆ ಇರುವುದಿಲ್ಲ, ಬೇಗ ಒಣಗುತ್ತದೆ. ಕೂಲೆಂಟ್ ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ, ಒಣಗಿದ ಮೇಲೆ ಕಲೆ ಉಳಿಯುತ್ತದೆ.

ಒಣಗಿದ ಕಲೆಯೇ ನಿಮ್ಮ ಸುಳಿವು. ಹೋಸ್ ತುದಿಗಳು, ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಸೇರುವ ಅಂಚು, ವಾಟರ್ ಪಂಪ್ ಕೆಳಗಿನ ಸಣ್ಣ ತೂತು, ಈ ಜಾಗಗಳಲ್ಲಿ ಬಿಳಿ ಅಥವಾ ಹಸಿರು ಗೆರೆ ಹುಡುಕಿ. ಪಂಪ್‌ನ ಆ ತೂತಿನಿಂದ ನೀರು ಬಂದಿದ್ದರೆ ಒಳಗಿನ ಸೀಲ್ ಹೋಗಿದೆ, ತೂತು ಮುಚ್ಚಿ ಪ್ರಯೋಜನ ಇಲ್ಲ. ಮುಂದಿನ ಸೀಟಿನ ಕಾಲಡಿ ಮ್ಯಾಟ್ ಒದ್ದೆಯಾಗಿ ಅಂಟಂಟಾಗಿದ್ದರೆ, ಗಾಜಿನ ಒಳಗೆ ಜಿಡ್ಡು ಮಂಜು ಕೂತರೆ ಹೀಟರ್ ಕೋರ್ (ಡ್ಯಾಶ್‌ಬೋರ್ಡ್ ಒಳಗಿನ ಹೀಟರಿನ ಸಣ್ಣ ರೇಡಿಯೇಟರ್) ಸೋರುತ್ತಿದೆ.

ಎಲ್ಲೂ ಕಾಣಲಿಲ್ಲ, ಆದರೆ ಮಟ್ಟ ಇಳಿಯುತ್ತಿದೆ ಅಂದರೆ ಪ್ರೆಶರ್ ಟೆಸ್ಟ್ ಮಾಡಿಸಿ. ರೇಡಿಯೇಟರ್ ಬಾಯಿಗೆ ಕೈಪಂಪ್ ಸಿಕ್ಕಿಸಿ, ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು, ಹತ್ತು ಹದಿನೈದು ನಿಮಿಷ ಬಿಡುತ್ತಾರೆ. ಪಂಪಿನ ಒತ್ತಡದ ಮುಳ್ಳು ಇಳಿಯಬಾರದು. ಕ್ಯಾಪ್ ಮೇಲಿನ ಅಂಕಿಗಿಂತ ಜಾಸ್ತಿ ಒತ್ತಡ ಕೊಡಲು ಬಿಡಬೇಡಿ, ಚೆನ್ನಾಗಿದ್ದ ಹಳೆ ರೇಡಿಯೇಟರ್ ಕೂಡ ಬಿರಿಯುತ್ತದೆ.

## ಹಂತ 5: ಕ್ಯಾಪ್

ಕೆಲವೇ ನೂರು ರೂಪಾಯಿಯ ವಸ್ತು, ಎಲ್ಲರೂ ಕೊನೆಗೆ ನೋಡುತ್ತಾರೆ. ಕ್ಯಾಪ್ ತಿರುಗಿಸಿ ನೋಡಿ. ರಬ್ಬರ್ ಬಿರುಕು ಬಿಟ್ಟಿರಬಾರದು, ಸ್ಪ್ರಿಂಗ್ ಗಟ್ಟಿ ಇರಬೇಕು. ಮಧ್ಯದ ಸಣ್ಣ ತಟ್ಟೆಯನ್ನು ಉಗುರಿನಿಂದ ಎಳೆದರೆ ಬಂದು ಮತ್ತೆ ಕೂರಬೇಕು. ಎಂಜಿನ್ ತಣಿದಾಗ ಬಾಟಲಿಯ ನೀರು ಒಳಕ್ಕೆ ವಾಪಸ್ ಹೋಗುವುದು ಆ ತಟ್ಟೆಯ ಮೂಲಕವೇ. ಅದು ಸಿಕ್ಕಿಕೊಂಡರೆ ಬೆಳಗ್ಗೆ ಮೇಲಿನ ಹೋಸ್ ಚಪ್ಪಟೆಯಾಗಿರುತ್ತದೆ, ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಖಾಲಿ. ಹೊಸದು ತರುವಾಗ ಅದೇ ಅಂಕಿಯದ್ದು ತನ್ನಿ. 0.9 ಇದ್ದ ಕಡೆ 1.1 ಹಾಕಿದರೆ ಇನ್ನೂ ಒಳ್ಳೆಯದು ಅನ್ನುವ ಲೆಕ್ಕ ಬೇಡ.

## ಹಂತ 6: ಫ್ಯಾನ್

ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಒಂದಾದರೂ ಫ್ಯಾನ್ ತಿರುಗಬೇಕು. ಎರಡು ಫ್ಯಾನ್ ಇದ್ದರೆ ರೇಡಿಯೇಟರ್‌ದು ಯಾವುದು ಅಂತ ನೋಡಿಕೊಳ್ಳಿ, ಎಸಿ ಫ್ಯಾನ್ ತಿರುಗಿದ್ದಕ್ಕೆ ಮೋಸ ಹೋಗಬೇಡಿ. ಆಮೇಲೆ ಎಸಿ ಆಫ್ ಮಾಡಿ, ನಿಂತಲ್ಲೇ ಐಡ್ಲಿಂಗ್‌ನಲ್ಲಿ ಬಿಡಿ. ಸುಮಾರು 95ರಿಂದ 100 ಡಿಗ್ರಿ ಹತ್ತಿರ ಫ್ಯಾನ್ ಶುರುವಾಗಬೇಕು, ಬಿಸಿ ಇಳಿದ ಮೇಲೆ ನಿಲ್ಲಬೇಕು.

ಶುರುವಾಗದಿದ್ದರೆ ಮೊದಲು ಫ್ಯೂಸ್. ಆಮೇಲೆ ರಿಲೇ. ಅದೇ ತರದ ಇನ್ನೊಂದು ರಿಲೇ ಬಾಕ್ಸ್‌ನಲ್ಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ರೇಡಿಯೇಟರ್‌ನಲ್ಲಿ ಎರಡು ಪಿನ್ನಿನ ಥರ್ಮೋಸ್ವಿಚ್ (ಬಿಸಿಗೆ ತಾನೇ ಆನ್ ಆಗುವ ಸ್ವಿಚ್) ಇರುವ ಹಳೆ ಮಾಡೆಲ್ ಆದರೆ ಅದರ ಪ್ಲಗ್ ತೆಗೆದು ಎರಡು ತುದಿಗೂ ವೈರ್ ತುಂಡು ಸೇರಿಸಿ, ಕೀ ಆನ್ ಮಾಡಿ. ಫ್ಯಾನ್ ತಿರುಗಿದರೆ ಮೋಟರ್ ಸರಿ, ಸ್ವಿಚ್ ಕೆಟ್ಟಿದೆ. ಕಂಪ್ಯೂಟರ್ ನಿಯಂತ್ರಿಸುವ ಕಾರಿನ ಸೆನ್ಸರ್ ಪ್ಲಗ್‌ನಲ್ಲಿ ಈ ಪ್ರಯೋಗ ಮಾಡಬೇಡಿ. ಅಲ್ಲಿ ಎಂಜಿನ್ ಓಡುತ್ತಿರುವಾಗ ಸುಮ್ನೆ ಪ್ಲಗ್ ತೆಗೆದರೆ ಸಾಕು, ಸುಮಾರು ಮಾಡೆಲ್‌ಗಳಲ್ಲಿ ಫ್ಯಾನ್ ತಾನೇ ತಿರುಗುತ್ತದೆ. ಆಮೇಲೆ ಚೆಕ್ ಎಂಜಿನ್ ದೀಪ ಹತ್ತಬಹುದು, ಅಷ್ಟೇ.

ಫ್ಯಾನ್ ತಿರುಗಿದ ಮಾತ್ರಕ್ಕೆ ಗಾಳಿ ಸಾಕಷ್ಟಿದೆ ಅಂತಲ್ಲ. ಎಸಿ ಕಂಡೆನ್ಸರ್‌ಗೂ (ರೇಡಿಯೇಟರ್ ಮುಂದಿರುವ ಎಸಿಯ ಜಾಲರಿ) ರೇಡಿಯೇಟರ್‌ಗೂ ಮಧ್ಯೆ ಟಾರ್ಚ್ ಬಿಡಿ. ಅಲ್ಲಿ ಧೂಳು, ಹುಳು, ಒಣ ಎಲೆ ಹತ್ತಿಯ ಹಾಸಿಗೆ ಹಾಗೆ ಕೂತಿರುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆತ್ತಗೆ ನೀರು ಬಿಟ್ಟು ತೊಳೆಯಿರಿ. ವಾಟರ್ ಸರ್ವಿಸ್‌ನ ಜೋರು ಗನ್ ಹಿಡಿದರೆ ಫಿನ್ ಎಲ್ಲ ಮಡಚಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ.

## ಹಂತ 7: ಥರ್ಮೋಸ್ಟಾಟ್

ಮೇಲಿನ ಹೋಸ್ ಸುಡುತ್ತಿದೆ, ಕೆಳಗಿನದು ತಣ್ಣಗಿದೆ, ಮುಳ್ಳು ಏರುತ್ತಿದೆ ಅಂದರೆ ಸಂಶಯ ಥರ್ಮೋಸ್ಟಾಟ್ ಮೇಲೆ ಅಥವಾ ಕಟ್ಟಿಕೊಂಡ ರೇಡಿಯೇಟರ್ ಮೇಲೆ. ಬಿಚ್ಚಿ ಪರೀಕ್ಷಿಸುವುದು ಕಷ್ಟವಲ್ಲ. ಅಡುಗೆಗೆ ಬಳಸದ ಹಳೆ ಪಾತ್ರೆಯಲ್ಲಿ ನೀರಿಟ್ಟು, ವಾಲ್ವ್ ಅನ್ನು ದಾರದಲ್ಲಿ ಇಳಿಬಿಡಿ. ತಳಕ್ಕೆ ತಾಗಬಾರದು. ಅದರ ಮೇಲೆ 82 ಅಥವಾ 88 ಅಂತ ಅಚ್ಚಾಗಿರುತ್ತದೆ. ನೀರಿನ ಬಿಸಿ ಆ ಅಂಕಿಯ ಹತ್ತಿರ ಬಂದಾಗ ಬಾಯಿ ಬಿಡಲು ಶುರುವಾಗಬೇಕು. ಒಲೆ ಆರಿಸಿದ ಮೇಲೆ ನಿಧಾನವಾಗಿ ಮುಚ್ಚಬೇಕು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ 88ರ ವಾಲ್ವ್ ಪೂರ್ತಿ ತೆರೆಯದಿದ್ದರೂ ಅದನ್ನು ಕೆಟ್ಟಿದೆ ಅನ್ನಬೇಡಿ. ಕುದಿಯುವ ನೀರಲ್ಲೂ ಅಲ್ಲಾಡದಿದ್ದರೆ ಅದು ಸತ್ತಿದೆ.

ವಾಪಸ್ ಹಾಕುವಾಗ ಸ್ಪ್ರಿಂಗ್ ಎಂಜಿನ್ ಕಡೆ ಇರಬೇಕು. ಸಣ್ಣ ಗಾಳಿತೂತು ಇದ್ದರೆ ಅದು ಮೇಲೆ ಬರಬೇಕು. ಗ್ಯಾಸ್ಕೆಟ್ ಹೊಸದೇ ಹಾಕಿ.

## ಹಂತ 8: ರೇಡಿಯೇಟರ್, ಹೋಸ್, ಪಂಪ್

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಆಫ್ ಮಾಡಿ, ಟೆಂಪರೇಚರ್ ಗನ್ನನ್ನು ರೇಡಿಯೇಟರ್ ಮೇಲೆ ಉದ್ದಕ್ಕೂ ಅಡ್ಡಕ್ಕೂ ಓಡಿಸಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ಸಮವಾಗಿ ಇಳಿಯಬೇಕು. ಮಧ್ಯೆ ಎಲ್ಲೋ ತಟ್ಟನೆ ತಣ್ಣನೆ ತೇಪೆ ಸಿಕ್ಕರೆ ಆ ಕೊಳವೆಗಳು ಕಟ್ಟಿವೆ. ಹಳೆ ಹಿತ್ತಾಳೆ ರೇಡಿಯೇಟರ್ ಆದರೆ ಟ್ಯಾಂಕ್ ಬಿಚ್ಚಿ ರಾಡ್ ಹೊಡೆಸಬಹುದು, ಅಂದರೆ ಕೊಳವೆಗಳೊಳಗೆ ಸರಳು ತೂರಿಸಿ ಕ್ಲೀನ್ ಮಾಡಿಸಬಹುದು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರ್ ಹೀಗೆ ಕಟ್ಟಿದ್ದರೆ ಹೊಸದಕ್ಕೆ ದುಡ್ಡು ಹಾಕುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಬ್ಬರಿಗೆ ಆಕ್ಸಿಲರೇಟರ್ ಒತ್ತಿ 3000 ಆರ್‌ಪಿಎಂ ಹಿಡಿಯಲು ಹೇಳಿ, ನೀವು ಕೆಳಗಿನ ಹೋಸ್ ನೋಡಿ. ಅದು ಒಳಕ್ಕೆ ಎಳೆದುಕೊಂಡು ಚಪ್ಪಟೆಯಾದರೆ ಹೈವೇಯಲ್ಲಿ ಬಿಸಿ ಏರುವುದಕ್ಕೆ ಕಾರಣ ಅಲ್ಲೇ ಇದೆ.

ಪಂಪ್‌ಗೆ ಸೋರಿಕೆ, ಕರಕರ ಸದ್ದು, ಪುಲ್ಲಿಯ ಅಲ್ಲಾಟ ಮುಖ್ಯ ಗುರುತು. ಬೆಲ್ಟ್ ಸಡಿಲ ಇದ್ದರೂ ಪಂಪ್ ಸರಿಯಾಗಿ ತಿರುಗುವುದಿಲ್ಲ, ಅದನ್ನು ಮೊದಲು ಒತ್ತಿ ನೋಡಿ. ಟೈಮಿಂಗ್ ಬೆಲ್ಟೇ ಪಂಪ್ ತಿರುಗಿಸುವ ಎಂಜಿನ್ ಆದರೆ ಪಂಪ್ ಬದಲಿಸುವಾಗ ಬೆಲ್ಟ್ ಕೂಡ ಬದಲಿಸಿ. ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ.

## ಹಂತ 9: ಹೆಡ್ ಗ್ಯಾಸ್ಕೆಟ್

'ಹೆಡ್ ಹೋಗಿದೆ' ಅಂತ ಯಾರಾದರೂ ಹೇಳಿದ ಕೂಡಲೇ ಎಂಜಿನ್ ಬಿಚ್ಚಲು ಒಪ್ಪಬೇಡಿ. ಗುರುತು ತೋರಿಸಲು ಹೇಳಿ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ, ನೀರು ಇನ್ನೂ ತಣ್ಣಗಿರುವಾಗಲೇ ಮೇಲಿನ ಹೋಸ್ ಕಲ್ಲಿನಷ್ಟು ಗಟ್ಟಿಯಾದರೆ ಸಿಲಿಂಡರ್ ಗ್ಯಾಸ್ ನೀರಿಗೆ ಸೇರುತ್ತಿದೆ. ರೇಡಿಯೇಟರ್ ಬಾಯಲ್ಲಿ ನಿಲ್ಲದೆ ಗುಳ್ಳೆ ಬರುವುದು, ಸಿಹಿ ವಾಸನೆಯ ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿರುವುದು, ಬೆಳಗ್ಗೆ ಸ್ಟಾರ್ಟ್ ಆದಾಗ ಒಂದು ಸಿಲಿಂಡರ್ ಮಿಸ್ ಹೊಡೆಯುವುದು, ಇವೂ ಗುರುತುಗಳು. ಚಳಿಗಾಲದ ಬೆಳಗಿನ ಹೊಗೆ ಲೆಕ್ಕಕ್ಕಿಲ್ಲ.

ಖಚಿತ ಮಾಡಿಕೊಳ್ಳಲು ನೀಲಿ ದ್ರವದ ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಎಳೆಯುತ್ತಾರೆ, ಎಕ್ಸಾಸ್ಟ್ ಗ್ಯಾಸ್ ಇದ್ದರೆ ನೀಲಿ ಹೋಗಿ ಹಳದಿಯಾಗುತ್ತದೆ. ಕೂಲೆಂಟ್ ಹನಿ ಅದರೊಳಗೆ ಹೋಗದಂತೆ ನೋಡಿಕೊಳ್ಳಬೇಕು. ಬಿಚ್ಚಿಸಲೇಬೇಕಾದರೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ಅಲ್ಯೂಮಿನಿಯಂ ಹೆಡ್ ಬಿಸಿಗೆ ಸೊಟ್ಟಗಾಗುತ್ತದೆ. ಲೇತ್‌ನವರ ಹತ್ತಿರ ಮಟ್ಟ ನೋಡಿಸಿ, ಬೇಕಾದರೆ ಫೇಸಿಂಗ್ ಮಾಡಿಸಿ (ಮೇಲ್ಮೈ ಉಜ್ಜಿ ಮಟ್ಟ ಮಾಡುವುದು), ಬಿರುಕಿಗೂ ಪರೀಕ್ಷೆ ಮಾಡಿಸಿ.

## ಹಂತ 10: ಮತ್ತೆ ತುಂಬಿಸುವುದು

ರಿಪೇರಿ ಸರಿಯಾಗಿದ್ದರೂ ಇಲ್ಲಿ ಕೆಡಿಸಿಕೊಳ್ಳುವವರು ತುಂಬಾ ಜನ. ಕಾನ್ಸಂಟ್ರೇಟ್ ಕೂಲೆಂಟ್ ಆದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ. ರೆಡಿಮಿಕ್ಸ್ ಆದರೆ ಒಂದು ಹನಿಯೂ ಬೆರೆಸಬೇಡಿ. ಡಬ್ಬದ ಮೇಲೆ ಓದಿ, ಬಣ್ಣ ನೋಡಿ ನಿರ್ಧರಿಸಬೇಡಿ. ಹಳೆಯದು ಯಾವುದು ಅಂತ ಗೊತ್ತಿಲ್ಲದಿದ್ದರೆ ಪೂರ್ತಿ ತೊಳೆದು ಹೊಸದು ಹಾಕಿ.

ಇಳಿಸಿದ್ದು ಎಷ್ಟು ಲೀಟರ್ ಅಂತ ಜಗ್‌ನಲ್ಲಿ ಅಳೆದಿಟ್ಟುಕೊಳ್ಳಿ. ಗಾಡಿಯ ಮುಂಭಾಗ ಸ್ವಲ್ಪ ಎತ್ತರದಲ್ಲಿರಲಿ. ಹೀಟರ್ ನಾಬ್ ಪೂರ್ತಿ ಬಿಸಿ ಕಡೆ ತಿರುಗಿಸಿ, ನಿಧಾನವಾಗಿ ತುಂಬಿಸಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಅದರಿಂದ ಗುಳ್ಳೆ ಇಲ್ಲದೆ ನೀರು ಬರುವವರೆಗೆ ತೆರೆದಿಡಿ. ಕ್ಯಾಪ್ ಹಾಕದೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಐಡ್ಲಿಂಗ್‌ನಲ್ಲಿ ಬಿಡಿ, ಮುಖ ದೂರ ಇಟ್ಟುಕೊಂಡು ಮಟ್ಟ ಇಳಿದ ಹಾಗೆಲ್ಲ ತುಂಬಿಸುತ್ತಾ ಇರಿ. ವಾಲ್ವ್ ತೆರೆದಾಗ ಮಟ್ಟ ಗಟಗಟ ಇಳಿಯುತ್ತದೆ. ಆಗ ತುಂಬಿಸಿ ಕ್ಯಾಪ್ ಹಾಕಿ, ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗುವವರೆಗೆ ಕಾಯಿರಿ. ಹೀಟರ್‌ನಿಂದ ಬಿಸಿ ಗಾಳಿ ಬರಬೇಕು. ಇಳಿಸಿದ್ದಕ್ಕಿಂತ ಒಳಗೆ ಹೋಗಿದ್ದು ತುಂಬಾ ಕಡಿಮೆ ಇದ್ದರೆ ಇನ್ನೂ ಗಾಳಿ ಉಳಿದಿದೆ.

ಮರುದಿನ ತಣ್ಣಗಿರುವಾಗ ಮಟ್ಟ ನೋಡಿ, ಬಾಟಲಿ ಮೇಲೆ ಮಾರ್ಕರ್‌ನಿಂದ ಗೆರೆ ಹಾಕಿ. ಒಂದೆರಡು ದಿನ ಸ್ವಲ್ಪ ಇಳಿದು ನಿಂತರೆ ಗಾಳಿ ಹೊರಬಂದಿದೆ ಅಂತ ಅರ್ಥ. ವಾರ ಕಳೆದರೂ ಇಳಿಯುತ್ತಲೇ ಇದ್ದರೆ ಮತ್ತೆ ಹಂತ 4.

## ದಾರಿ ಮಧ್ಯೆ ಏರಿಬಿಟ್ಟರೆ

ಎಸಿ ಆಫ್ ಮಾಡಿ, ಹೀಟರ್ ಮತ್ತು ಬ್ಲೋವರ್ ಪೂರ್ತಿ ಹಾಕಿ, ಕಿಟಕಿ ಇಳಿಸಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಮುಳ್ಳು ಕೆಂಪು ಮುಟ್ಟಿದ್ದರೆ, ಆವಿ ಕಂಡರೆ, ಹೀಟರ್‌ನಲ್ಲಿ ತಣ್ಣನೆ ಗಾಳಿ ಬಂದರೆ ಎಂಜಿನ್ ತಕ್ಷಣ ಆಫ್. 'ಇನ್ನೊಂದು ಎರಡು ಕಿಲೋಮೀಟರ್ ಇದೆ, ಹೋಗಿಬಿಡೋಣ' ಅನ್ನುವಲ್ಲೇ ಹೆಡ್ ಹೋಗುವುದು.

ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಕನಿಷ್ಠ ಅರ್ಧ ಮುಕ್ಕಾಲು ಗಂಟೆ ಕಾಯಿರಿ. ಹೋಸ್ ತಣಿದ ಮೇಲೆ ಕ್ಯಾಪ್ ತೆಗೆದು ಕುಡಿಯುವ ನೀರಾದರೂ ಸರಿ, ಸ್ವಲ್ಪ ಸ್ವಲ್ಪವೇ ಹಾಕಿ. ಹಾಕಿದ ನೀರು ಹಾಗೇ ಕೆಳಗೆ ಹರಿದುಹೋಗುತ್ತಿದ್ದರೆ, ಅಥವಾ ಸ್ಟಾರ್ಟ್ ಮಾಡಿದ ಕೂಡಲೇ ಬಾಯಿಯಿಂದ ಗುಳ್ಳೆ ಉಕ್ಕಿದರೆ, ಓಡಿಸುವ ಯೋಚನೆ ಬಿಟ್ಟು ಟೋಯಿಂಗ್‌ಗೆ ಫೋನ್ ಮಾಡಿ.